ನೆರೆಗೆ ಮುನ್ನ ನೆರವು: ವಿಪತ್ತು ಪರಿಹಾರದಲ್ಲಿ ಮಾಹಿತಿ, ದೇಣಿಗೆಗಳ ಮೂರು ದಶಕ

2005ರ ಜುಲೈ 26ರಂದು ಸಾಂತಾಕ್ರೂಜ್‌ನ ಮಳೆಮಾಪಕ 24 ಗಂಟೆಗಳಲ್ಲಿ 944 ಮಿ.ಮೀ. ತೋರಿಸಿತು, ಅದೇ ಮುಂಬಯಿಯ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿ.ಮೀ. ಕೊಲಾಬಾದ ಅಂಕಿಯನ್ನಷ್ಟೇ ಕಂಡವರಿಗೆ ಅದು ಮಾಮೂಲಿ ಮಳೆಗಾಲದ ದಿನ. ಇತ್ತ ಉಲ್ಹಾಸ್ ನದಿ ಉಕ್ಕಿ ಬದ್ಲಾಪುರ, ಕಲ್ಯಾಣದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತ್ತು. ಆ ಮಳೆಗೆ ಮಹಾರಾಷ್ಟ್ರದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ವಿಪತ್ತಿನ ಹೊತ್ತಿನಲ್ಲಿ ಕೊಡುವ ಕೈಗಳಿಗೆ ನಮ್ಮಲ್ಲಿ ಬರವಿಲ್ಲ. ಯಾವ ಗಲ್ಲಿಯ ಯಾವ ಮನೆಗೆ ಏನು ಬೇಕೆಂಬ ತಿಳಿವಳಿಕೆಗೇ ಬರ. ಸೇವಾಸಂಸ್ಥೆಗಳು ಮೂರು ದಶಕಗಳಿಂದ ನೀಗಿಸಲು ಹೆಣಗುತ್ತಿರುವುದು ಈ ಕೊರತೆಯನ್ನೇ.

ಪಂಚನಾಮೆಯ ಕಾಲ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಭೂಮಿ ನಡುಗಿ ಹತ್ತು ಸಾವಿರದಷ್ಟು ಜನ ಸತ್ತಾಗ, ನೆರವಿಗೆ ಆಧಾರ ತಲಾಠಿ (ಗ್ರಾಮಲೆಕ್ಕಿಗ) ಬರೆದ ಪಂಚನಾಮೆ ಮತ್ತು ಊರವರ ಬಾಯಿಮಾತು. ದೇಣಿಗೆ ಹರಿದು ಬರುತ್ತಿದ್ದುದು ಸಂಘಗಳ ರಸೀದಿ ಪುಸ್ತಕಗಳಿಂದ, ಪತ್ರಿಕೆಗಳ ಪರಿಹಾರ ನಿಧಿಗಳಿಂದ. ಕೊಟ್ಟವರ ಲೆಕ್ಕ ಚೊಕ್ಕವಾಗಿರುತ್ತಿತ್ತು, ಪಡೆದವರ ಲೆಕ್ಕ ಮಸುಕು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಯಾರಿಗೂ ಬೇಡವಾದ ಹಳೆಬಟ್ಟೆಗಳು ರಾಶಿ ಬಿದ್ದವು. ಅಂಶು ಗುಪ್ತ 1999ರಲ್ಲಿ ಕಟ್ಟಿದ ಸಂಸ್ಥೆ ‘ಗೂಂಜ್’ ಅವನ್ನು ವಿಂಗಡಿಸಿ ಬಳಕೆಗೆ ತರುವ ಕೆಲಸಕ್ಕೆ ಕೈಹಾಕಿತು. ಅಗತ್ಯ ತಿಳಿಯದೆ ಕೊಟ್ಟದ್ದು ಹೊರೆಯಾಗುತ್ತದೆಂಬ ಅರಿವು ಈ ಕ್ಷೇತ್ರದಲ್ಲಿ ಬೇರೂರಿದ್ದು ಇಂಥ ಅನುಭವಗಳಿಂದ.

ನಕ್ಷೆಯ ಕಾಲ

2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಜಗತ್ತಿನ ಮೂಲೆಮೂಲೆಯ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಪೋರ್ಟ್-ಔ-ಪ್ರಿನ್ಸ್‌ನ ಬೀದಿಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬರೆದರು. ಮೊಬೈಲ್ ಸಂದೇಶದ ಮೂಲಕ ಹತ್ತು ಹತ್ತು ಡಾಲರ್ ಸೇರಿ ಅಮೆರಿಕದ ರೆಡ್‌ಕ್ರಾಸ್‌ಗೆ ಮೂರು ಕೋಟಿ ಡಾಲರ್‌ಗೂ ಹೆಚ್ಚು ಬಂತು. ನಮ್ಮಲ್ಲಿ ಅಂಥ ಘಟ್ಟ ಬಂದದ್ದು 2018ರ ಆಗಸ್ಟ್‌ನಲ್ಲಿ. ಕೇರಳದ ನೆರೆಯ ಹೊತ್ತಿಗೆ ತಂತ್ರಜ್ಞಾನ ಬಲ್ಲ ಸ್ವಯಂಸೇವಕರು ಸರ್ಕಾರದ ಐ.ಟಿ. ಮಿಷನ್ ಜೊತೆ ‘ಕೇರಳ ರೆಸ್ಕ್ಯೂ’ ತಾಣ ಕಟ್ಟಿದರು. ಸಿಕ್ಕಿಬಿದ್ದವರ ಜಾಗ, ಫೋನ್ ನಂಬರ್, ಬೇಕಾದ ವಸ್ತು ಎಲ್ಲವೂ ಒಂದೆಡೆ ಸೇರಿದವು. ಆದರೆ ಪಾರಾದವರ ಮೊರೆಯೂ ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಲೇ ಇತ್ತು. ಪ್ರತಿ ನಂಬರಿಗೂ ಫೋನ್ ಮಾಡಿ, ‘ಈಗ ಎಲ್ಲಿದ್ದೀರಿ?’ ಎಂದು ಕೇಳಿ ಪಟ್ಟಿ ತಿದ್ದಿದವರ ದುಡಿಮೆಯಿಂದಲೇ ಆ ಮಾಹಿತಿಗೆ ಬೆಲೆ ಬಂತು.

ಹಣದ ಜಾಡು

2016ರಲ್ಲಿ ಬಂದ ಯುಪಿಐ ದೇಣಿಗೆಯನ್ನು ಕ್ಷಣದ ಕೆಲಸ ಮಾಡಿತು. ನಕಲಿ ಐಡಿಗಳ ಕಾಟವೂ ಅದರ ಬೆನ್ನಿಗೇ ಬಂತು. 80ಜಿ ತೆರಿಗೆ ವಿನಾಯಿತಿಗೆ ದಾನಿಗಳ ವಿವರವನ್ನು ಸಂಸ್ಥೆಯೇ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುವ ಕ್ರಮ 2021-22ರಿಂದ ಜಾರಿಯಾಗಿ ಲೆಕ್ಕ ಬಿಗಿಯಾಯಿತು. 2019ರಲ್ಲಿ ಕಂಪನಿಗಳ ಸಾಮಾಜಿಕ ಹೊಣೆಯ, ಅಂದರೆ ಸಿಎಸ್‌ಆರ್ ಪಟ್ಟಿಗೆ ವಿಪತ್ತು ನಿರ್ವಹಣೆಯೂ ಸೇರಿತು. 2020ರ ಎಫ್‌ಸಿಆರ್‌ಎ ತಿದ್ದುಪಡಿಯಾದರೋ, ವಿದೇಶಿ ದೇಣಿಗೆಯನ್ನು ಒಂದು ಸಂಸ್ಥೆ ಮತ್ತೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿತು. ಗಲ್ಲಿ ಬಲ್ಲ ಸಣ್ಣ ಸಂಸ್ಥೆಗೆ ದೊಡ್ಡ ಸಂಸ್ಥೆಯಿಂದ ಆ ಹಣ ಇಳಿದು ಬರುವ ದಾರಿ ಮುಚ್ಚಿತು.

ಮುನ್ಸೂಚನೆಯ ಕಾಲ

ಈಗಿನ ಹೆಜ್ಜೆ, ನೀರೇರುವ ಮೊದಲೇ ನೆರವು. 2020ರ ಜುಲೈನಲ್ಲಿ ಬಾಂಗ್ಲಾದೇಶದ ಜಮುನಾ ದಂಡೆಯ ಕುಟುಂಬಗಳಿಗೆ ವಿಶ್ವಸಂಸ್ಥೆಯ ಆಹಾರ ಕಾರ್ಯಕ್ರಮ ಪ್ರವಾಹದ ಮುನ್ಸೂಚನೆ ನೋಡಿಯೇ ಹಣ ಕಳಿಸಿತು. ಕರ್ನಾಟಕದಲ್ಲಿ 1988ರ ಬರ ನಿಗಾ ಘಟಕ ಬೆಳೆದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯತಿ ಮಟ್ಟದಲ್ಲೇ ಮಳೆ ಅಳೆಯುತ್ತಿದೆ.

ಮುಂಬಯಿ-ಕಲ್ಯಾಣದ ನಮ್ಮ ಕಡೆಯದೇ ಒಂದು ಪಾಠವಿದೆ. 2019ರ ಜುಲೈ 27ರಂದು ವಾಂಗಣಿ ಬಳಿ ನೆರೆಯಲ್ಲಿ ಸಿಲುಕಿದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್‌ನ ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಅಂದೇ ಪಾರು ಮಾಡಲಾಯಿತು. ರೈಲು ಎಲ್ಲಿದೆ, ಒಳಗೆ ಅಂದಾಜು ಎಷ್ಟು ಜನರಿದ್ದಾರೆ ಎಂಬುದು ಗೊತ್ತಿತ್ತು. ಉಲ್ಹಾಸ್ ದಂಡೆಯ ಚಾಳುಗಳ ಬಗ್ಗೆ ಇಷ್ಟೇ ಖಚಿತವಾಗಿ ಹೇಳಬಲ್ಲೆವೆ? ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ 2016ರ ಮೇ 26ರಂದೂ 2024ರ ಮೇ 23ರಂದೂ ಸ್ಫೋಟಗಳಾಗಿ ಜೀವಗಳು ಹೋದವು. ಅಲ್ಲಿನ ಬಾಡಿಗೆದಾರರ, ಗುತ್ತಿಗೆ ಕಾರ್ಮಿಕರ ಹೆಸರು ಮನೆಪಟ್ಟಿಯಲ್ಲಿ ಸಿಗುವುದಿಲ್ಲ.

ಪಟ್ಟಿ ಮಾಡುವುದೆಂದರೆ ಕಾಯುವ ಹೊಣೆ ಹೊರುವುದು. 2022ರ ಜನವರಿಯಲ್ಲಿ ಬಯಲಾದ ಸೈಬರ್ ಕನ್ನದಿಂದ ಅಂತರರಾಷ್ಟ್ರೀಯ ರೆಡ್‌ಕ್ರಾಸ್‌ನಲ್ಲಿದ್ದ 5,15,000ಕ್ಕೂ ಹೆಚ್ಚು ನೊಂದವರ ವಿವರ ಪರರ ಪಾಲಾಯಿತು. ಬೇಕಾದಷ್ಟನ್ನೇ ಕೇಳಬೇಕು, ಒಪ್ಪಿಗೆ ಪಡೆಯಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ.

ಡೊಂಬಿವಲಿ, ಕಲ್ಯಾಣ, ಠಾಣೆಗಳಲ್ಲಿ ಕನ್ನಡ-ತುಳು ಸಂಘಗಳಿಗೆ ಕೊರತೆಯಿಲ್ಲ. ನೆರೆ ಬಂದ ಮೇಲೆ ಅಕ್ಕಿ, ಚಾದರ ಕೂಡಿಸುವುದರಲ್ಲಿ ಅವು ಹಿಂದೆ ಬೀಳುವುದಿಲ್ಲ. ಇನ್ನು ಮೇ ತಿಂಗಳಲ್ಲೇ ಮರಾಠಿ, ಹಿಂದಿ ನೆರೆಹೊರೆಯವರ ಜೊತೆಗೂಡಿ ತಮ್ಮ ವಾರ್ಡಿನ ತಗ್ಗು ಮನೆಗಳು, ಒಂಟಿ ವೃದ್ಧರು, ಡಯಾಲಿಸಿಸ್ ರೋಗಿಗಳು ಯಾರೆಂದು ಅವರ ಒಪ್ಪಿಗೆಯಿಂದ ಗುರುತಿಸಿಟ್ಟುಕೊಳ್ಳಲಿ. ದೇಣಿಗೆಯ ಒಂದು ಪಾಲನ್ನು ಈ ಕೆಲಸಕ್ಕೆಂದೇ ಎತ್ತಿಡಲಿ. ಪರಿಹಾರ ಸಾಮಗ್ರಿಗೆ ಮನಬಿಚ್ಚಿ ಕೊಡುವ ನಾವು ಪಟ್ಟಿಯ ಖರ್ಚನ್ನು ದಂಡವೆಂದು ತಿಳಿಯುವುದನ್ನು ಬಿಡಬೇಕು. ಆ ಖರ್ಚೂ ಪರಿಹಾರವೇ.