ಹಳಿ ಇತ್ತು, ನಿಲ್ದಾಣವಿರಲಿಲ್ಲ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಕಡಲಾಚೆ ನೆಲೆಸಿದ್ದಾರೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಊರಿಗೆ ಬಂದಾಗ ಮನೆಗೆ ಬಂದು ಕುಶಲ ವಿಚಾರಿಸುವ ಸೌಜನ್ಯ ಅವರಲ್ಲಿ ಉಳಿದಿದೆ. ಹಾಗೆ ಬಂದವರೆಲ್ಲರ ಬಾಯಲ್ಲಿಯೂ ಒಂದು ಮಾತು ತಪ್ಪದೆ ಬರುತ್ತದೆ: "ಮೇಷ್ಟ್ರೇ, ದುಬೈಯಿಂದ ದೇವನಹಳ್ಳಿಗೆ ಬರುವುದು ಸುಲಭ, ದೇವನಹಳ್ಳಿಯಿಂದ ಜಯನಗರಕ್ಕೆ ಬರುವುದೇ ಕಷ್ಟ." ಮಾತು ವಿನೋದದ್ದಾದರೂ ಅದರ ಹಿಂದೆ ಒಂದು ಚರಿತ್ರೆಯಿದೆ. ದೇವನಹಳ್ಳಿಗೆ ವಿಮಾನ ಬರುವುದಕ್ಕಿಂತ ತೊಂಬತ್ತು ವರ್ಷ ಮೊದಲೇ ಅಲ್ಲಿಗೆ ರೈಲು ಬಂದಿತ್ತು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ತಿಳಿದಿದೆ?

ಬೆಂಗಳೂರಿಗೆ ಮೊದಲ ರೈಲು ಬಂದದ್ದು 1864ರಲ್ಲಿ, ಜೋಲಾರಪೇಟೆಯ ಕಡೆಯಿಂದ, ದಂಡು ಪ್ರದೇಶಕ್ಕೆ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಬೆಂಗಳೂರಿನಿಂದ ಉತ್ತರಕ್ಕೆ, ಯಲಹಂಕ ಮತ್ತು ದೇವನಹಳ್ಳಿಗಳ ಮೂಲಕ ಚಿಕ್ಕಬಳ್ಳಾಪುರಕ್ಕೆ, ಒಂದು ಕಿರುಹಳಿಯ ಮಾರ್ಗ ಹಾಸಲ್ಪಟ್ಟಿತು. ಹಳಿಗಳ ನಡುವಣ ಅಂತರ ಎರಡೂವರೆ ಅಡಿ ಮಾತ್ರ. ಅದನ್ನು ನಿರ್ಮಿಸಿದ್ದು ಬೆಂಗಳೂರು-ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಕಂಪನಿ. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದದ್ದು 1912ರಿಂದ 1918ರವರೆಗೆ. ಈ ಮಾರ್ಗವೂ ಆ ಕಾಲದ್ದೇ. ಅವರ ಹುಟ್ಟೂರು ಮುದ್ದೇನಹಳ್ಳಿ ಈ ಮಾರ್ಗದ ಕೊನೆಯ ಭಾಗಕ್ಕೆ ಸಮೀಪದಲ್ಲಿದೆ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಎಂಬ ಪುಟ್ಟ ನಿಲ್ದಾಣಗಳು ಆಗ ಕಟ್ಟಲ್ಪಟ್ಟವು. ಅವುಗಳ ಹಳೆಯ ಕಟ್ಟಡಗಳನ್ನು ಉಳಿಸಿಕೊಳ್ಳುವ ಕೆಲಸಕ್ಕೆ ಇತ್ತೀಚಿನ ವರ್ಷಗಳಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವವರು ಕೈಹಾಕಿದ್ದು ಸಂತೋಷದ ಸಂಗತಿ.

ಆ ರೈಲು ಜೋರಾಗಿ ಓಡುವ ರೈಲಲ್ಲ. ಅದು ಇದ್ದದ್ದು ಸಂತೆಗೆ ಹೋಗುವವರಿಗೆ, ಕಚೇರಿಯ ಕೆಲಸಕ್ಕೆ ಬರುವವರಿಗೆ, ನಂದಿಬೆಟ್ಟಕ್ಕೆ ಹೊರಟವರಿಗೆ. ಮುಂದೆ ಲಾರಿ ಬಸ್ಸುಗಳ ಕಾಲ ಬಂದಾಗ ಕಿರುಹಳಿಯ ಮಹತ್ವ ತಗ್ಗಿತು. 1990ರ ದಶಕದಲ್ಲಿ ಯಲಹಂಕ-ಚಿಕ್ಕಬಳ್ಳಾಪುರ ಮಾರ್ಗವನ್ನು ಅಗಲ ಹಳಿಗೆ ಪರಿವರ್ತಿಸಲಾಯಿತು. ಚಿಕ್ಕಬಳ್ಳಾಪುರದಿಂದ ಕೋಲಾರದ ಕಡೆಗಿನ ಭಾಗ ಅಗಲ ಹಳಿಯಾಗಿ ಮತ್ತೆ ತೆರೆದದ್ದು 2013ರಲ್ಲಿ. ಅಂದರೆ, ದೇವನಹಳ್ಳಿಯ ಬಯಲಿನಲ್ಲಿ ವಿಮಾನ ನಿಲ್ದಾಣದ ಕಾಮಗಾರಿ 2005ರಲ್ಲಿ ಆರಂಭವಾದಾಗ, ಅದರ ಪಕ್ಕದಲ್ಲಿಯೇ ದೇಶದ ಯಾವ ಮೂಲೆಗಾದರೂ ರೈಲು ಓಡಿಸಬಲ್ಲ ಅಗಲ ಹಳಿ ಸಿದ್ಧವಾಗಿ ಮಲಗಿತ್ತು.

ಅದುವರೆಗೆ ಬೆಂಗಳೂರಿನ ವಿಮಾನಗಳು ಇಳಿಯುತ್ತಿದ್ದದ್ದು ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ನಿಲ್ದಾಣದಲ್ಲಿ. ಅದು ನಗರದ ಮಗ್ಗುಲಲ್ಲೇ ಇತ್ತು. ಅಲ್ಲಿಂದ ಆಟೋರಿಕ್ಷಾ ಹಿಡಿದರೂ ಮನೆ ಸೇರಬಹುದಿತ್ತು. 2008ರ ಮೇ 24ರಂದು ಹೊಸ ನಿಲ್ದಾಣ ತೆರೆದಾಗ, ನಗರದ ನಡುವಿನಿಂದ ಸುಮಾರು 35 ಕಿಲೋಮೀಟರ್ ದೂರ ಎಂಬ ಹೊಸ ಲೆಕ್ಕ ಎಲ್ಲರ ಬಾಯಿಗೆ ಬಂದಿತು. ವಾಯುವಜ್ರ ಎಂಬ ಹೆಸರಿನ ಬಸ್ಸುಗಳು ಬಂದವು, ಟ್ಯಾಕ್ಸಿಗಳು ಬಂದವು, ಹೆಬ್ಬಾಳದ ಮೇಲ್ಸೇತುವೆಯ ಮೇಲೆ ವಾಹನಗಳ ಸಾಲು ಬೆಳೆಯಿತು. ನಗರದ ಮಧ್ಯದಿಂದ ಪ್ರತ್ಯೇಕ ಅತಿವೇಗದ ರೈಲು ಮಾರ್ಗವೊಂದನ್ನು ಕಟ್ಟುವ ಯೋಜನೆಯೂ ಆ ವರ್ಷಗಳಲ್ಲಿ ಸಿದ್ಧವಾಗಿತ್ತು. ಸಾವಿರಾರು ಕೋಟಿ ರೂಪಾಯಿಗಳ ಆ ಯೋಜನೆ ಕಾಗದದ ಮೇಲೆಯೇ ಉಳಿದು, ಕೊನೆಗೆ ಕೈಬಿಡಲ್ಪಟ್ಟಿತು. ದೊಡ್ಡದನ್ನು ಯೋಚಿಸುತ್ತ ಕುಳಿತ ಆ ಕಾಲದಲ್ಲಿ, ಕಣ್ಣೆದುರಿನ ಹಳಿಯ ಪಕ್ಕ ಒಂದು ಪ್ಲಾಟ್‌ಫಾರಂ ಕಟ್ಟಬೇಕೆಂಬ ಸಣ್ಣ ವಿಚಾರ ಕಾರ್ಯಕ್ಕೆ ಬರಲು ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಇದು ಅಸಾಧ್ಯವಾದ ಕೆಲಸವಾಗಿರಲಿಲ್ಲ ಎಂಬುದಕ್ಕೆ ಇತಿಹಾಸದಲ್ಲಿ ಒಂದು ಸೊಗಸಾದ ನಿದರ್ಶನವಿದೆ. ಲಂಡನ್ನಿನಿಂದ ದಕ್ಷಿಣದ ಬ್ರೈಟನ್ ಪಟ್ಟಣಕ್ಕೆ 1841ರಲ್ಲಿಯೇ ರೈಲು ಮಾರ್ಗವಾಗಿತ್ತು. ಆ ಮಾರ್ಗದ ಪಕ್ಕದ ಗ್ಯಾಟ್‌ವಿಕ್ ಎಂಬಲ್ಲಿದ್ದ ಸಣ್ಣ ವಿಮಾನ ಮೈದಾನವನ್ನು 1933ರಲ್ಲಿ ಮಾರಿಸ್ ಜ್ಯಾಕಮನ್ ಎಂಬ ತರುಣ ಕೊಂಡುಕೊಂಡ. ಅವನು ಒಂದು ದುಂಡನೆಯ ಕಟ್ಟಡವನ್ನು ಕಲ್ಪಿಸಿದ. ಜೇನುಗೂಡಿನಂತೆ ಕಾಣುತ್ತಿದ್ದುದರಿಂದ ಜನ ಅದನ್ನು ಅದೇ ಹೆಸರಿನಿಂದ ಕರೆದರು. ಅದಕ್ಕಿಂತ ಮುಖ್ಯವಾದದ್ದು, ರೈಲ್ವೆ ಕಂಪನಿಯನ್ನು ಒಪ್ಪಿಸಿ ಅಲ್ಲಿಯೇ ಒಂದು ನಿಲ್ದಾಣವನ್ನು ಕಟ್ಟಿಸಿ, ರೈಲಿನಿಂದ ವಿಮಾನದ ಕಟ್ಟಡಕ್ಕೆ ನೆಲದಡಿಯ ಹಾದಿಯೊಂದನ್ನು ಮಾಡಿಸಿದ್ದು. 1936ರಲ್ಲಿ ನಿಲ್ದಾಣ ತೆರೆದಾಗ, ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಲ್ಲಿ ರೈಲು ಹತ್ತಿದವನು ಮಳೆಯಲ್ಲಿ ನೆನೆಯದೆ, ಒಂದೇ ಟಿಕೆಟಿನಲ್ಲಿ, ಪ್ಯಾರಿಸ್ಸಿನ ವಿಮಾನವನ್ನು ಏರಬಹುದಾಗಿತ್ತು.

ಎರಡು ಊರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಗ್ಯಾಟ್‌ವಿಕ್‌ನಲ್ಲಿ ರೈಲಿಗೂ ವಿಮಾನ ನಿಲ್ದಾಣಕ್ಕೂ ನಡುವೆ ತೊಂಬತ್ತೈದು ವರ್ಷಗಳ ಅಂತರ. ದೇವನಹಳ್ಳಿಯಲ್ಲಿಯೂ ಸರಿಸುಮಾರು ಅಷ್ಟೇ. ಎರಡು ಕಡೆಯೂ ಹಳಿಯೇ ಅಣ್ಣ, ವಿಮಾನವೇ ತಮ್ಮ. ಅಲ್ಲಿ ತಮ್ಮ ಹುಟ್ಟಿದ ದಿನವೇ ಅಣ್ಣನ ಕೈಹಿಡಿದ. ಇಲ್ಲಿ ಒಂದೇ ಅಂಗಳದಲ್ಲಿದ್ದೂ ಒಬ್ಬರನ್ನೊಬ್ಬರು ಮಾತನಾಡಿಸಲಿಲ್ಲ.

ಎಲ್ಲ ದೇಶಗಳೂ ಜಾಣತನ ತೋರಿದವು ಎಂದು ನಾನು ಹೇಳುವುದಿಲ್ಲ. ಅದೇ ಲಂಡನ್ನಿನ ಹೀಥ್ರೋ ನಿಲ್ದಾಣ ಸಾರ್ವಜನಿಕ ವಿಮಾನಗಳಿಗೆ ತೆರೆದದ್ದು 1946ರಲ್ಲಿ; ನಗರದ ಸುರಂಗ ರೈಲು ಅದರ ನಡುವಿನವರೆಗೆ ತಲುಪಿದ್ದು 1977ರ ಡಿಸೆಂಬರಿನಲ್ಲಿ. ಮೂವತ್ತೊಂದು ವರ್ಷ ಬೇಕಾಯಿತು! ಟೋಕಿಯೋದವರು 1964ರ ಒಲಿಂಪಿಕ್ ಕ್ರೀಡೆಗಳು ಹತ್ತಿರವಾದಾಗ, ಕ್ರೀಡೆಗಳಿಗೆ ಕೆಲವೇ ವಾರಗಳ ಮುಂಚೆ, ಹನೇಡಾ ನಿಲ್ದಾಣಕ್ಕೆ ಒಂಟಿ ಹಳಿಯ ಮೋನೋರೈಲನ್ನು ಓಡಿಸಿದರು. ಅತಿಥಿಗಳು ಬರುತ್ತಾರೆಂದಾಗ ಮನೆ ಗುಡಿಸುವ ಹಾಗೆ!

ನಮ್ಮ ದೇಶದ ಅನುಭವವನ್ನೂ ನೋಡೋಣ. ದೆಹಲಿಯಲ್ಲಿ ವಿಮಾನ ನಿಲ್ದಾಣದ ಎಕ್ಸ್‌ಪ್ರೆಸ್ ಮೆಟ್ರೋ 2011ರ ಫೆಬ್ರವರಿಯಲ್ಲಿ ಆರಂಭವಾಯಿತು. ಖಾಸಗಿ ಸಹಭಾಗಿತ್ವದ ಮಾರ್ಗ; ನೋಡಲು ಅಂದವಾದದ್ದು, ವೇಗವಾದದ್ದು. ಆದರೆ 2012ರ ಜುಲೈನಲ್ಲಿ ಎತ್ತರಿಸಿದ ಮಾರ್ಗದ ರಚನೆಯಲ್ಲಿ ದೋಷಗಳು ಕಂಡು ಸಂಚಾರ ನಿಂತಿತು. 2013ರ ಜನವರಿಯಲ್ಲಿ ಮರಳಿ ಆರಂಭವಾಗಿ, ಅದೇ ವರ್ಷದ ಜುಲೈಯಲ್ಲಿ ದೆಹಲಿ ಮೆಟ್ರೋ ನಿಗಮವೇ ಅದನ್ನು ವಹಿಸಿಕೊಂಡಿತು. ಮುಂದೆ ನಿಗಮ ದರವನ್ನು ಇಳಿಸಿದಾಗ ಪ್ರಯಾಣಿಕರ ಸಂಖ್ಯೆ ಏರಿತು. ಅರ್ಥಶಾಸ್ತ್ರದ ಪಾಠ ಸರಳವಾದದ್ದೇ: ರೈಲಿನ ಹೊಟ್ಟೆ ತುಂಬುವುದು ಸಿರಿವಂತ ಪ್ರಯಾಣಿಕರಿಂದಲ್ಲ, ಬಹುಸಂಖ್ಯೆಯ ಪ್ರಯಾಣಿಕರಿಂದ.

ಚೆನ್ನೈಯ ಕಥೆ ಇನ್ನೊಂದು ಬಗೆಯದು. ಅಲ್ಲಿ ವಿಮಾನ ನಿಲ್ದಾಣದ ಎದುರಿಗೆ, ಹೆದ್ದಾರಿಯ ಆಚೆ ಬದಿಯಲ್ಲಿ, ತಿರುಸೂಲಂ ಎಂಬ ಉಪನಗರ ರೈಲು ನಿಲ್ದಾಣವಿದೆ. ಗಂಟುಮೂಟೆ ಹೊತ್ತು ರಸ್ತೆ ದಾಟಿದರೆ ಕೆಲವೇ ರೂಪಾಯಿಗಳಲ್ಲಿ ಎಗ್ಮೋರಿಗೆ ಹೋಗಬಹುದು. ವಿಮಾನ ನಿಲ್ದಾಣದ ಬಾಗಿಲಿಗೇ ಮೆಟ್ರೋ ಬಂದದ್ದು 2016ರಲ್ಲಿ. ಅದಕ್ಕೂ ಮುಂಚೆ ಎಷ್ಟೋ ವರ್ಷ ತಿರುಸೂಲಂ ಬಡವರ ಮೆಟ್ರೋ ಆಗಿ ಸದ್ದಿಲ್ಲದೆ ದುಡಿಯಿತು. ಅಲ್ಲಿ ಉಪನಗರದ ವಿದ್ಯುತ್ ರೈಲುಗಳು ಮೇಲಿಂದ ಮೇಲೆ ಓಡುತ್ತಿದ್ದವು ಎಂಬುದನ್ನು ಗಮನಿಸಬೇಕು. ದೇವನಹಳ್ಳಿಯ ಮಾತಿಗೆ ಬಂದಾಗ ಇದು ನೆನಪಿನಲ್ಲಿರಲಿ.

ಕೊನೆಗೂ 2021ರ ಜನವರಿ 4ರಂದು, ದೊಡ್ಡಜಾಲ ಮತ್ತು ದೇವನಹಳ್ಳಿ ನಿಲ್ದಾಣಗಳ ನಡುವೆ, ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಹೆಸರಿನ ಪುಟ್ಟ ತಂಗುದಾಣದಲ್ಲಿ ರೈಲು ನಿಲ್ಲಲಾರಂಭಿಸಿತು. ನಗರದಿಂದ ಟಿಕೆಟಿನ ದರ ಹತ್ತರಿಂದ ಹದಿನೈದು ರೂಪಾಯಿ! ಟ್ಯಾಕ್ಸಿಗೆ ನೂರಾರು ರೂಪಾಯಿ ತೆತ್ತವರಿಗೆ ಇದು ಕನಸೋ ನನಸೋ ಎನಿಸಿತು. ಪತ್ರಿಕೆಗಳು ಹಾಡಿ ಹೊಗಳಿದವು.

ಕುತೂಹಲ ತಡೆಯಲಾರದೆ, ವಿಮಾನದ ಕೆಲಸವೇನೂ ಇಲ್ಲದಿದ್ದರೂ, ನಾನು ಯಲಹಂಕದಲ್ಲಿ ಆ ರೈಲನ್ನು ಹತ್ತಿ ಹೋಗಿ ಬಂದೆ. ಬೆಟ್ಟಹಲಸೂರು ಕಳೆಯಿತು, ದೊಡ್ಡಜಾಲ ಕಳೆಯಿತು. ಡಬ್ಬಿಯಲ್ಲಿ ದೊಡ್ಡ ಸೂಟ್‌ಕೇಸಿನ ಪ್ರಯಾಣಿಕ ಒಬ್ಬನೂ ಇರಲಿಲ್ಲ. ಇದ್ದವರು ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಕೆಲಸಗಾರರು. ಸ್ವಚ್ಛತೆಯ ಕೆಲಸಕ್ಕೆ ಹೊರಟಿದ್ದ ಒಬ್ಬ ಹೆಣ್ಣುಮಗಳನ್ನು ವಿಚಾರಿಸಿದೆ. "ಇದು ಸಿಕ್ಕಿದ್ರೆ ಪುಣ್ಯ ಸಾರ್. ತಪ್ಪೋದ್ರೆ ಮುಂದಿನದು ನಮ್ಮ ಟೈಮಿಗೆ ಇಲ್ಲ. ಬಸ್ಸಿಗೆ ಕೊಟ್ರೆ ಕೂಲೀಲಿ ಏನು ಉಳೀತದೆ?" ಎಂದಳು. ಯಾವ ಸಮಿತಿಯ ವರದಿಯೂ ಇಷ್ಟು ಚುಟುಕಾಗಿ ವಿಷಯವನ್ನು ಹೇಳಲಾರದು.

ಅವಳ ಮಾತಿನಲ್ಲಿಯೇ ಈ ರೈಲಿನ ಸೊಗಸೂ ಇದೆ, ಸೋಲಿನ ಕಾರಣವೂ ಇದೆ. ದರ ಕಡಿಮೆ, ಆದರೆ ದಿನಕ್ಕೆ ಬೆರಳೆಣಿಕೆಯ ರೈಲುಗಳು. ಯಲಹಂಕದಿಂದ ಮುಂದಕ್ಕೆ ಆಗ ಇದ್ದದ್ದು ಒಂಟಿ ಹಳಿ. ಎದುರಿನಿಂದ ಬರುವ ಗಾಡಿಗೆ ದಾರಿ ಬಿಟ್ಟುಕೊಟ್ಟೇ ಮುಂದೆ ಹೋಗಬೇಕು. ತಂಗುದಾಣದಿಂದ ಟರ್ಮಿನಲ್ ಇನ್ನೂ ಮೂರು-ನಾಲ್ಕು ಕಿಲೋಮೀಟರ್ ದೂರ. ಅಲ್ಲಿಂದ ಮತ್ತೆ ಬಸ್ಸು ಹಿಡಿಯಬೇಕು. ವಿಮಾನ ಯಾರಿಗೂ ಕಾಯುವುದಿಲ್ಲ. ಗಂಟೆಗಟ್ಟಲೆ ಅಂತರದಲ್ಲಿ ಬರುವ ರೈಲನ್ನು ನಂಬಿ ಯಾವನೂ ಸಾವಿರಾರು ರೂಪಾಯಿಯ ವಿಮಾನದ ಟಿಕೆಟನ್ನು ಪಣಕ್ಕಿಡುವುದಿಲ್ಲ. ಪ್ರಯಾಣಿಕರಿಲ್ಲವೆಂದು ರೈಲುಗಳನ್ನು ಕಡಿಮೆ ಮಾಡುವುದು, ರೈಲುಗಳಿಲ್ಲವೆಂದು ಪ್ರಯಾಣಿಕರು ದೂರವಾಗುವುದು: ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಹಳೆಯ ನ್ಯಾಯವೇ ಇಲ್ಲಿಯೂ ನಡೆಯಿತು.

ಮುಂದಿನ ಯೋಜನೆಗಳು ದೊಡ್ಡವು. 2020ರಲ್ಲಿ ಒಪ್ಪಿಗೆ ಪಡೆದು, 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ಸುಮಾರು 148 ಕಿಲೋಮೀಟರಿನ ಬೆಂಗಳೂರು ಉಪನಗರ ರೈಲು ಯೋಜನೆಯ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರುಗಳನ್ನಿಟ್ಟಿದ್ದಾರೆ. ದೇವನಹಳ್ಳಿಗೆ ಹೋಗುವುದು ಸಂಪಿಗೆ. ಹೆಸರೇನೋ ಮೂಗಿಗೆ ಪರಿಮಳ ತರುತ್ತದೆ. ಇನ್ನೊಂದೆಡೆ, ಕೃಷ್ಣರಾಜಪುರದಿಂದ ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ಸಾಗುವ ಮೆಟ್ರೋ ಮಾರ್ಗಕ್ಕೆ 2021ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟದ ಅನುಮತಿ ದೊರೆಯಿತು. ಇದರ ಉದ್ದ ಸುಮಾರು 38 ಕಿಲೋಮೀಟರ್.

ಈ ಯೋಜನೆಗಳೆಲ್ಲ ಸಫಲವಾಗಲಿ. ಆದರೆ ಇತಿಹಾಸದ ಮೇಷ್ಟ್ರಾಗಿ ನನಗೆ ಮುಖ್ಯವೆನಿಸುವ ಪ್ರಶ್ನೆ ಬೇರೆ. ವಿಮಾನ ನಿಲ್ದಾಣದ ರೈಲು ಯಾರಿಗಾಗಿ? ಅತಿವೇಗದ ರೈಲಿನ ಯೋಜನೆ ಮಾಡಿದವರ ಕಣ್ಣಿನಲ್ಲಿದ್ದದ್ದು ಕೈಗಡಿಯಾರ ನೋಡಿಕೊಳ್ಳುತ್ತ ಓಡುವ ವಿಮಾನಯಾತ್ರಿ. ಅವನು ವರ್ಷಕ್ಕೆ ನಾಲ್ಕು ಸಲವೋ ಹತ್ತು ಸಲವೋ ಹೋಗುವವನು. ಆದರೆ ವಿಮಾನ ನಿಲ್ದಾಣಕ್ಕೆ ದಿನವೂ ಹೋಗುವವರು ನೆಲ ಒರೆಸುವವರು, ಸಾಮಾನು ಎತ್ತುವವರು, ಕಾವಲು ಕಾಯುವವರು, ಊಟ ಬಡಿಸುವವರು. ವಿಮಾನ ಹಾರಲಿ ಹಾರದಿರಲಿ, ಅವರು ಬೆಳಗಿನ ಪಾಳಿಗೆ ನಸುಕಿನಲ್ಲಿಯೇ ಅಲ್ಲಿರಬೇಕು, ರಾತ್ರಿ ಪಾಳಿ ಮುಗಿಸಿ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಮರಳಬೇಕು. ಇವರನ್ನು ಮೊದಲು ಲೆಕ್ಕಕ್ಕೆ ಹಿಡಿದಿದ್ದರೆ, 2008ರಲ್ಲಿಯೇ ಹಳಿಯ ಪಕ್ಕ ಒಂದು ಪ್ಲಾಟ್‌ಫಾರಂ ಎದ್ದಿರುತ್ತಿತ್ತು. ಇವರಿಗಾಗಿ ಹೊತ್ತುಹೊತ್ತಿಗೆ ಓಡುವ ರೈಲನ್ನು ಯಾತ್ರಿಯೂ ನಂಬಿ ಹತ್ತುತ್ತಿದ್ದ. ಯಾತ್ರಿಯೊಬ್ಬನಿಗಾಗಿಯೇ ಕಟ್ಟಿದ ರೈಲು ಇವರಿಗೆ ದಕ್ಕುತ್ತದೆಂಬ ಭರವಸೆಯಿಲ್ಲ. ದೆಹಲಿಯ ಮೊದಲ ವರ್ಷಗಳು ತೋರಿಸಿಕೊಟ್ಟದ್ದು ಇದನ್ನೇ.

ನೂರು ವರ್ಷದ ಹಿಂದೆ ಚಿಕ್ಕಬಳ್ಳಾಪುರದ ಕಡೆಗೆ ಹಳಿ ಹಾಸಿದವರಿಗೆ ವಿಮಾನದ ಕಲ್ಪನೆಯಿರಲಿಲ್ಲ. ಊರಿನ ಜನ ಸಂತೆಗೂ ಕಚೇರಿಗೂ ಹೋಗಿ ಸಂಜೆಗೆ ಮನೆ ಸೇರಬೇಕು ಎಂಬುದಷ್ಟೇ ಅವರ ಮುಂದಿದ್ದ ಗುರಿ. ಆದ್ದರಿಂದಲೇ ಅವರು ಊರೂರಿಗೂ ಒಂದು ನಿಲ್ದಾಣ ಕಟ್ಟಿದರು. ಸಂಪಿಗೆಯಾಗಲಿ ಮೆಟ್ರೋ ಆಗಲಿ, ಹೊಸದಾಗಿ ಕಟ್ಟುವವರು ಇದನ್ನು ಮರೆಯದಿದ್ದರೆ ಸಾಕು.

ಮುಂದಿನ ಸಲ ಊರಿಗೆ ಬರುವ ನನ್ನ ಶಿಷ್ಯರಲ್ಲಿ ಒಂದು ಕೋರಿಕೆ. ನೀವಿರುವ ಊರಿನಲ್ಲಿ ವಿಮಾನ ನಿಲ್ದಾಣದಿಂದ ನಗರಕ್ಕೆ ಹೋಗುವ ರೈಲಿನಲ್ಲಿ ನಸುಕಿನ ಹೊತ್ತು ಯಾರು ಕುಳಿತಿರುತ್ತಾರೆಂದು ಒಮ್ಮೆ ಕಣ್ಣಾಡಿಸಿ ನೋಡಿ. ಬಂದಾಗ ನನಗೆ ಹೇಳಿ. ಕಾಫಿ ಕಾಯಿಸಿಟ್ಟಿರುತ್ತೇನೆ.