ಬೂದಿ ಬುಧವಾರದ ಕತೆ

ತಪಸ್ಸುಕಾಲದ ಮೊದಲ ದಿನ ನಮ್ಮ ಮನೆಯಲ್ಲಿ ಮಾಂಸವಿಲ್ಲ. ಗಂಜಿ, ಚಟ್ನಿ ಅಷ್ಟೆ. ಹಣೆಯ ಬೂದಿ ಹೋದ ವರ್ಷದ ಗರಿಗಳ ಭಾನುವಾರದ ಒಣಗರಿ ಸುಟ್ಟದ್ದು ಎಂದು ಮಕ್ಕಳಿಗೆ ಹೇಳುವುದು ಸುಲಭ. ಕಷ್ಟವಿರುವುದು ಮುಂದಿನ ಮಾತಿನಲ್ಲಿ.

1784ರ ಫೆಬ್ರವರಿ. ಬೂದಿ ಬುಧವಾರವೇ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸುಲ್ತಾನನ ಆಜ್ಞೆಯಂತೆ ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬುದು ಆರೋಪ. ಕಂಕುಳ ಕೂಸುಗಳು ಯಾರಿಗೆ ನೆರವಾದಾವು, ಹೇಳಿ! ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ, ಪಟ್ಟಣ ಬಿದ್ದ ಮೇಲೆ.

ಇದನ್ನು ಮುಚ್ಚಿಡಲಾರೆ. ಆದರೆ ಅರಸನ ಹೆಸರನ್ನು ಅರಸನದೆಂದೇ ಹೇಳುತ್ತೇನೆ. ಪಕ್ಕದ ಮನೆಯ ಮುಸ್ಲಿಂ ಮಕ್ಕಳ ತಲೆಗೆ ಕಟ್ಟುವುದಿಲ್ಲ.

“ಅಜ್ಜಿ, ನನ್ನಷ್ಟು ಚಿಕ್ಕವರೂ ನಡೆದರಾ?” ಎಂದಳು ಮೊಮ್ಮಗಳು.

ಹೌದು ಎಂದೆ.