ಹಿಂದಿನ ಸೀಟಿಗೆ ತಂಪು ಯಾಕ ಬರೂದಿಲ್ಲ?

ಬ್ಯಾಟರಿ ಕಾರು ತಗೊಂಡ ಮನಿಯಾಗ ಬ್ಯಾಸಗಿ ಬಂತಂದ್ರ ಒಂದ ಮಾತು: ಮುಂದ ಕೂತವ್ರಿಗೆ ಚಳಿ, ಹಿಂದ ಕೂತವ್ರಿಗೆ ಬೆವರು. ಹಿಂದ ಕೂಡೋರು ಯಾರ್ರೀ? ನಾವು, ತೊಡಿಮ್ಯಾಲಿನ ಕೂಸು, ವಯಸ್ಸಾದ ಅತ್ತಿ. 'ಏಸಿನ ಇಷ್ಟ' ಅಂತ ಸುಮ್ಮನಾಗಬ್ಯಾಡ್ರಿ. ಇದಕ್ಕೊಂದು ಇತಿಹಾಸ ಅದ.

ಕಾರಿನ ಏಸಿ ಮೊದಲು ಬಂದದ್ದ ಹಿಂದಿನ ಸೀಟಿನ ಕಡೆಯಿಂದ. ಅಮೆರಿಕಾದ ಪ್ಯಾಕರ್ಡ್ ಕಂಪನಿ 1939ರಾಗ ತೋರಿಸಿ, 1940ರ ಮಾಡೆಲ್ಲಿಗೆ ಕಾರ್ಖಾನಿಯೊಳಗನ ಏಸಿ ಕೂಡಿಸಿ ಕೊಟ್ಟಿತು. ಬೆಲಿ 274 ಡಾಲರ್. ತಂಪು ಮಾಡೋ ಸುರುಳಿ ಇದ್ದದ್ದು ಡಿಕ್ಕಿಯೊಳಗ, ಗಾಳಿ ಬರತಿದ್ದದ್ದು ಹಿಂದಿನ ಸೀಟಿನ ಬೆನ್ನ ಹಿಂದಿಂದ. ಆದ್ರ ಕಂಪ್ರೆಸರ್ ನಿಲ್ಲಸಬೇಕಂದ್ರ ಇಂಜಿನ್ ಬಂದ್ ಮಾಡಿ ಬೆಲ್ಟ್ ಬಿಚ್ಚಬೇಕಿತ್ತು! ಆ ಏಸಿ ಭಾಳ ದಿವಸ ಬಾಳಲಿಲ್ಲ. 1953ರ ಕ್ರೈಸ್ಲರ್ ಇಂಪೀರಿಯಲ್ಲಿನ್ಯಾಗೂ ಯಂತ್ರದ ಭಾಗ ಡಿಕ್ಕಿಯೊಳಗನ ಇತ್ತು.

1954ರಾಗ ನ್ಯಾಶ್ ಕಂಪನಿ ಎಲ್ಲಾನೂ ಬಾನೆಟ್ಟಿನ ಕೆಳಗ, ಡ್ಯಾಶ್‌ಬೋರ್ಡಿನ ಹಿಂದ ತಂದು ಕೂಡಿಸಿತು. ಆ ಕಾರಿನ ಹೆಸರೂ ಅಂಬಾಸಡರ್, ಆದ್ರ ನಮ್ಮ ಹಳೇ ಅಂಬಾಸಡರ್ ಅಲ್ಲ, ಅದು ಬ್ಯಾರೆ. ಡಿಕ್ಕಿ ಖಾಲಿ ಆತು, ರೊಕ್ಕಾನೂ ಕಡಿಮಿ ಆತು. ಉಳಿದ ಕಂಪನಿಗಳೂ ಆ ದಾರಿನ ಹಿಡದ್ವು. ಅವತ್ತಿಂದ ತಂಪು ಹುಟ್ಟೋದು ಡ್ರೈವರ್ ಮುಂದ. ಹಿಂದ ಬರಬೇಕಂದ್ರ ಎರಡು ಸೀಟಿನ ನಡುವಿನ ಸಣ್ಣ ಕೊಳವ್ಯಾಗ ಹಾದು ಬರಬೇಕು. ಬರೋದ್ರಾಗ ಜೋರೂ ಕಡಿಮಿ, ತಂಪೂ ಕಡಿಮಿ. ಕೆಲವು ಕಾರಿನಾಗ ಹಿಂದಿರೋದು ಬರೇ ಫ್ಯಾನು, ಕಾರಿನೊಳಗಿನ ಗಾಳಿನ ತಿರುಗಿ ಊದತದ. ಹಿಂದಿನವ್ರಿಗೆ ಬ್ಯಾರೆ ಸುರುಳಿ ಇರೋದು ದೊಡ್ಡ ಗಾಡಿಗಳಾಗ ಅಷ್ಟ.

ಬ್ಯಾಟರಿ ಕಾರಿನಾಗ ಬೆಲ್ಟ್ ಹೋತು, ಕಂಪ್ರೆಸರ್ ಕರೆಂಟಿನ ಮ್ಯಾಲೆ ಓಡತದ. ಹಿಂಗಾಗಿ ಸಿಗ್ನಲ್ಲಿನ್ಯಾಗ ನಿಂತ್ರೂ ತಂಪು ಇಳಿಯೂದಿಲ್ಲ. ಆದ್ರ ಹೊಸಾ ಪಾಲುದಾರ ಬಂದಾನ: ಭಾಳ ಕಾರಿನಾಗ ಅದ ಗ್ಯಾಸು ಬ್ಯಾಟರಿನೂ ತಂಪು ಮಾಡಬೇಕು. ಕಾದ ಬ್ಯಾಟರಿಗೆ ಫಾಸ್ಟ್ ಚಾರ್ಜ್ ಮಾಡುವಾಗ ನಮ್ಮ ಪಾಲು ಕಡಿಮಿ ಆಗಬಹುದು. ಮ್ಯಾಲೆ ಇಕೋ ಮೋಡ್. ಹ್ಯುಂಡೈ, ಕಿಯಾದ ಕೆಲವು ಕಾರಿನಾಗ 'ಡ್ರೈವರ್ ಓನ್ಲಿ' ಅಂತ ಬಟನ್ನ ಅದ. ಅದು ಒತ್ತಿದ್ದ್ರ ತಂಪು ಗಾಳಿ ಹೆಚ್ಚಾಗಿ ಡ್ರೈವರ್ ಕಡೆನ ಹೋಗತದ, ಹಿಂದ ಬರೂದು ಕಡಿಮಿ.

ಹಂಗಾರ ಏನು ನೋಡಬೇಕು? ಮೊದಲು ಆ ಬಟನ್ ಮತ್ತ ಇಕೋ ಮೋಡ್ ತಗೀರಿ, ಒಳಗಿನ ಗಾಳಿ ತಿರುಗೋ ಬಟನ್ ಹಾಕ್ರಿ. ಮುಂದಿನ ನಡುವಿನ ಕಿಂಡಿ ಮ್ಯಾಲ ಮಾಡಿ ಹಿಂದಕ್ಕ ತಿರುಗಸ್ರಿ. ಸೀಟಿನ ಕೆಳಗಿನ ಕಿಂಡಿಗೆ ಚೀಲ, ಚಪ್ಪಲಿ ಅಡ್ಡ ಇಡಬ್ಯಾಡ್ರಿ. ಕ್ಯಾಬಿನ್ ಫಿಲ್ಟರ್ ಧೂಳು ಹಿಡದಿದ್ದ್ರ ಗಾಳಿನ ಬರೂದಿಲ್ಲ. ಭಾಳ ಕಾರಿನಾಗ ಗ್ಲೋವ್ ಬಾಕ್ಸ್ ಹಿಂದ ಇರತದ. ಹೊರಡೂಕಿಂತ ಮೊದಲ, ಚಾರ್ಜರ್ ಹಚ್ಚಿದಾಗನ ಏಸಿ ಹಾಕಿದ್ರ ಬ್ಯಾಟರಿ ಖರ್ಚೂ ಉಳೀತದ.

ಮುಂದ ತಂಪಿದ್ದು ಹಿಂದ ಇಲ್ಲಂದ್ರ ತೊಂದ್ರಿ ಗಾಳಿಯ ದಾರಿಯೊಳಗ. ಮುಂದೂ ತಂಪಿಲ್ಲಂದ್ರ ಗ್ಯಾಸ್, ಕಂಪ್ರೆಸರ್ ನೋಡಬೇಕು. ಅದಕ್ಕ ದಾರಿಮ್ಯಾಗಿನ ಗ್ಯಾಸಿನವ್ರ ಕಡೆ ಹೋಗಬ್ಯಾಡ್ರಿ. ಈ ಕಂಪ್ರೆಸರಿಗೆ ಕರೆಂಟ್ ಹರಿಸದಂಥ ಎಣ್ಣಿನ ಬೇಕು, ಪೆಟ್ರೋಲ್ ಕಾರಿನ ಎಣ್ಣಿ ಬಿತ್ತಂದ್ರ ಅಪಾಯ. ಕೇಸರಿ ಬಣ್ಣದ ವಾಯರ್ ಅಂತೂ ಯಾರೂ ಮುಟ್ಟಬಾರದು.

ಇನ್ನ ಕಾರು ತಗೋಳಾಕ ಹೋದಾಗ, ಗಂಡಸ್ರು ಸ್ಟೇರಿಂಗ್ ಹಿಡೀಲಿ. ನೀವು ಮಟಮಟ ಮಧ್ಯಾಹ್ನ ಹಿಂದ ಕೂತು ಅರ್ಧ ತಾಸು ಸುತ್ತಿ ಬರ್ರಿ. ತಂಪು ಮುಟ್ಟಲಿಲ್ಲಂದ್ರ ಅಲ್ಲೇ ಹೇಳ್ರಿ, ರೊಕ್ಕ ಕೊಟ್ಟಮ್ಯಾಲೆ ಅಲ್ಲ.